ಒತ್ತಕ್ಷರ ಕತ್ತರಿಸುತ್ತಿದ್ದ ದರಪಟ್ಟಿ: ಅಡಿಕೆ ಸಹಕಾರ ಸಂಘವೊಂದರ ಜಾಲಪುಟದ ಮರುವಿನ್ಯಾಸ

ಘಟ್ಟದ ಮೇಲಿನ ಅಡಿಕೆ ಸೀಮೆಯಲ್ಲಿ ದಿನದ ವ್ಯಾಪಾರ ಮುಗಿಯುವ ಹೊತ್ತಿಗೆ ಬೆಳೆಗಾರರು ಕಾಯುವುದು ಒಂದು ಸಣ್ಣ ಪಟ್ಟಿಗೆ. ರಾಶಿ, ಚಾಲಿ, ಬೆಟ್ಟೆ, ತಟ್ಟಿಬೆಟ್ಟೆ, ಕೆಂಪುಗೋಟು, ಬಿಳೆಗೋಟು, ಕೋಕಾ ಎಂಬ ಬಗೆಗಳು ಎಡಗಡೆ. ಪ್ರತಿಯೊಂದಕ್ಕೂ ಕ್ವಿಂಟಲಿಗೆ ಕನಿಷ್ಠ, ಗರಿಷ್ಠ ಮತ್ತು ಸರಾಸರಿ ದರ ಬಲಗಡೆ. ಮನೆಯಲ್ಲಿ ದಾಸ್ತಾನಿರುವ ಮಾಲನ್ನು ಈ ವಾರ ಹೊರಡಿಸಬೇಕೋ, ಇನ್ನೂ ಹದಿನೈದು ದಿನ ಕಾಯಬೇಕೋ ಎಂಬ ತೀರ್ಮಾನ ಈ ಏಳೆಂಟು ಸಾಲುಗಳ ಮೇಲೆ ನಿಂತಿರುತ್ತದೆ. ಅಂಥ ಪಟ್ಟಿಯನ್ನು ಪ್ರಕಟಿಸುವ ಸಹಕಾರ ಸಂಘವೊಂದರ ಜಾಲತಾಣವನ್ನು ಮರಳಿ ರೂಪಿಸಿದ ಕೆಲಸದ ವಿವರ ಇಲ್ಲಿದೆ. ಸಂಘದ ಹೆಸರು ಇಲ್ಲಿ ಅಗತ್ಯವಿಲ್ಲ, ಏಕೆಂದರೆ ಅಲ್ಲಿ ಕಂಡ ತೊಂದರೆಗಳು ಕನ್ನಡದ ನೂರಾರು ಜಾಲತಾಣಗಳಲ್ಲಿ ಈಗಲೂ ಇವೆ.

ಸಂಘದ ಹಳೆಯ ಜಾಲತಾಣ ನೋಟಕ್ಕೆ ಅಚ್ಚುಕಟ್ಟಾಗಿತ್ತು. ಸಿದ್ಧವಾಗಿ ಸಿಗುವ ಮಾದರಿಯೊಂದನ್ನು ತಂದು, ಇಂಗ್ಲಿಷ್ ಪದಗಳಿದ್ದ ಜಾಗದಲ್ಲಿ ಕನ್ನಡ ಪದಗಳನ್ನು ತುಂಬಿ ಅದನ್ನು ಮಾಡಲಾಗಿತ್ತು. ದರದ ಅಂಕಿಗಳು ಪ್ರತಿದಿನ ಸರಿಯಾಗಿಯೇ ಏರುತ್ತಿದ್ದವು. ಆದರೂ ಬೆಳೆಗಾರರು ಅಲ್ಲಿಗೆ ಬರುತ್ತಿರಲಿಲ್ಲ. ಕಚೇರಿಯ ಗುಮಾಸ್ತರು ಕಂಪ್ಯೂಟರಿನಲ್ಲಿ ದರಪಟ್ಟಿ ಸಿದ್ಧಪಡಿಸಿ, ಅದರ ಚಿತ್ರ ತೆಗೆದು ವಾಟ್ಸಾಪ್ ಗುಂಪುಗಳಿಗೆ ಕಳಿಸುತ್ತಿದ್ದರು. ಊರೆಲ್ಲ ನೋಡುತ್ತಿದ್ದದ್ದು ಆ ಚಿತ್ರವನ್ನು. ಜನರಿಗೆ ಜಾಲತಾಣದ ಅಭ್ಯಾಸವಿಲ್ಲ ಎಂದು ಆಡಳಿತ ಮಂಡಳಿಯ ಕೆಲವರು ಭಾವಿಸಿದ್ದರು. ಪುಟವನ್ನು ಸಾಧಾರಣ ಬೆಲೆಯ ಫೋನೊಂದರಲ್ಲಿ ತೆರೆದು ನೋಡಿದಾಗ ಕಾರಣ ಬೇರೆಯೇ ಇತ್ತು. ಚಿತ್ರದಲ್ಲಿ ಅಕ್ಷರ ಪೂರ್ತಿ ಕಾಣುತ್ತಿತ್ತು, ಪುಟದಲ್ಲಿ ಕಾಣುತ್ತಿರಲಿಲ್ಲ.

ಶಿರೋಸಾಲಿನಲ್ಲಿ ‘ಕನಿಷ್ಠ’ ಮತ್ತು ‘ಗರಿಷ್ಠ’ ಎಂಬ ಎರಡು ಪದಗಳಿದ್ದವು. ಎರಡರಲ್ಲೂ ಠಕಾರದ ಒತ್ತು ಸಾಲಿನ ಕೆಳಗಂಚಿಗೆ ಸಿಕ್ಕಿ ಮಾಯವಾಗಿ, ‘ಕನಿಷ’, ‘ಗರಿಷ’ ಎಂಬಂತೆ ಓದಿಸಿಕೊಳ್ಳುತ್ತಿದ್ದವು. ‘ಬೆಟ್ಟೆ’ ಎಂಬಲ್ಲಿ ಒತ್ತಿನ ಮೇಲ್ತುದಿ ಮಾತ್ರ ಒಂದು ಗೆರೆಯಂತೆ ಉಳಿದಿತ್ತು. ಸದಸ್ಯರ ಪಟ್ಟಿಯಲ್ಲಿ ‘ಅಣ್ಣಪ್ಪ’ ಎಂಬ ಹೆಸರು ‘ಅಣಪ’ ಆಗಿತ್ತು. ಓದಿ ರೂಢಿಯಿದ್ದವರು ಸಂದರ್ಭದಿಂದ ಊಹಿಸಿಕೊಳ್ಳುತ್ತಾರೆ, ನಿಜ. ಆದರೆ ಹಣದ ವಿಚಾರ ಹೇಳುವ ಪುಟವನ್ನು ಊಹಿಸಿ ಓದಬೇಕಾಗಿ ಬಂದರೆ ಅದರ ಮೇಲಿನ ನಂಬಿಕೆ ಹೋಗುತ್ತದೆ. ಅಂಕಿ ಸರಿ ಇದ್ದೀತೆ ಎಂಬ ಅನುಮಾನ ಅಕ್ಷರ ಸರಿಯಿಲ್ಲದ ಕಡೆಯೇ ಮೊದಲು ಹುಟ್ಟುವುದು.

ಅಕ್ಷರ ಕತ್ತರಿಸುತ್ತಿದ್ದುದು ಏಕೆ

ಮೊದಲ ಅನುಮಾನ ಫಾಂಟಿನ ಮೇಲೆ ಬಿದ್ದಿತ್ತು. ಆಂಡ್ರಾಯ್ಡ್ ಫೋನುಗಳಲ್ಲಿ ಸಾಮಾನ್ಯವಾಗಿ ನೋಟೋ ಸಾನ್ಸ್ ಕನ್ನಡ, ವಿಂಡೋಸ್ 8ರಿಂದ ಈಚಿನ ಕಂಪ್ಯೂಟರುಗಳಲ್ಲಿ ನಿರ್ಮಲಾ ಯುಐ, ಆಪಲ್ ಯಂತ್ರಗಳಲ್ಲಿ ಕನ್ನಡ ಸಂಗಮ್ ಎಂಎನ್ ಮೊದಲಾದವು ಇರುತ್ತವೆ. ಒಂದೊಂದರ ಎತ್ತರ, ಆಳಗಳ ಅಳತೆ ಒಂದೊಂದು ಬಗೆಯದ್ದು, ಹೀಗಾಗಿ ಒಂದು ಯಂತ್ರದಲ್ಲಿ ಸರಿಯಾಗಿ ಕಂಡದ್ದು ಇನ್ನೊಂದರಲ್ಲಿ ಕತ್ತರಿಸಿಹೋಗುವುದುಂಟು. ಆದರೆ ಇಲ್ಲಿ ಎಲ್ಲ ಫಾಂಟುಗಳೂ ತಮ್ಮ ಒತ್ತಕ್ಷರವನ್ನು ಪೂರ್ತಿಯಾಗಿಯೇ ಬಿಡಿಸುತ್ತಿದ್ದವು. ಬಿಡಿಸಿದ್ದನ್ನು ಕತ್ತರಿಸುತ್ತಿದ್ದುದು ಪುಟದ ವಿನ್ಯಾಸ.

ಮಾದರಿಯಲ್ಲಿ ಕೋಷ್ಟಕದ ಪ್ರತಿ ಸಾಲಿಗೂ ಪಿಕ್ಸೆಲ್‌ಗಳಲ್ಲಿ ನಿಗದಿಯಾದ ಎತ್ತರವಿತ್ತು, ಸಾಲಿನಂತರ, ಅಂದರೆ ಒಂದು ಸಾಲಿನಿಂದ ಮುಂದಿನ ಸಾಲಿಗಿರುವ ದೂರ, ಅಕ್ಷರಗಾತ್ರದ 1.2 ಪಟ್ಟು ಇತ್ತು. ಇಂಗ್ಲಿಷಿನ ದೊಡ್ಡಕ್ಷರಗಳಿಗೆ ಅಷ್ಟು ಸಾಕು. ಅವು ಅಡಿಗೆರೆಯ ಕೆಳಗೆ ಹೆಚ್ಚು ಇಳಿಯುವುದಿಲ್ಲ. ಕನ್ನಡದ ಬರವಣಿಗೆ ಅಡಿಗೆರೆಯ ಕೆಳಗೆ ಇನ್ನೊಂದು ಅಂತಸ್ತನ್ನೇ ಕಟ್ಟುತ್ತದೆ. ಜೊತೆಗೆ, ಉದ್ದದ ಹೆಸರು ಬಂದಾಗ ಕೊನೆಗೆ ಮೂರು ಚುಕ್ಕಿ ಇಟ್ಟು ಮೊಟಕುಗೊಳಿಸುವ ಸೂಚನೆಯೂ ಅಲ್ಲಿತ್ತು. ಪುಟದ ರೂಪವನ್ನು ವಿವರಿಸುವ ಸಿಎಸ್‌ಎಸ್ ಭಾಷೆಯಲ್ಲಿ ಆ ಮೂರು ಚುಕ್ಕಿ ಬರಬೇಕಾದರೆ ಚೌಕದಿಂದ ಹೊರಗೆ ಚಾಚಿದ ಭಾಗವನ್ನು ಮರೆಮಾಡುವ ಆಜ್ಞೆಯೂ ಇರಲೇಬೇಕು. ಬಲಕ್ಕೆ ಚಾಚಿದ್ದನ್ನು ಮರೆಮಾಡಲೆಂದು ಬರೆದ ಆ ಆಜ್ಞೆ ಕೆಳಕ್ಕೆ ಚಾಚಿದ್ದನ್ನೂ ಮರೆಮಾಡುತ್ತದೆ. ಒತ್ತಕ್ಷರ ಹೋದದ್ದು ಹೀಗೆ. ಇಂಗ್ಲಿಷಿನಲ್ಲಿ ಪರೀಕ್ಷಿಸಿದವರ ಕಣ್ಣಿಗೆ ಇದು ಎಂದೂ ಬೀಳುವಂತಿರಲಿಲ್ಲ.

ಇದಕ್ಕಿಂತ ಆಳದ ತೊಂದರೆ ಮುಖಪುಟದ ಸಣ್ಣ ಫಲಕದಲ್ಲಿತ್ತು. ಅಲ್ಲಿ ಜಾವಾಸ್ಕ್ರಿಪ್ಟ್ ಭಾಷೆಯ ಪುಟ್ಟ ಪ್ರೋಗ್ರಾಮೊಂದು ಪ್ರತಿ ಹೆಸರಿನ ಮೊದಲ ಎಂಟು ‘ಅಕ್ಷರ’ಗಳನ್ನು ಮಾತ್ರ ತೋರಿಸುತ್ತಿತ್ತು. ‘ತಟ್ಟಿಬೆಟ್ಟೆ’ ಎಂಬ ಪದವನ್ನೇ ನೋಡಿ. ಓದುವವರಿಗೆ ಅದರಲ್ಲಿ ನಾಲ್ಕೇ ಅಕ್ಷರ: ತ, ಟ್ಟಿ, ಬೆ, ಟ್ಟೆ. ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಅಂತಾರಾಷ್ಟ್ರೀಯ ಪದ್ಧತಿಯಾದ ಯುನಿಕೋಡ್ ಸಂಕೇತಗಳ ಲೆಕ್ಕದಲ್ಲಿ ಅದು 11, ಏಕೆಂದರೆ ಪ್ರತಿ ವ್ಯಂಜನ, ಪ್ರತಿ ಸ್ವರಚಿಹ್ನೆ ಮತ್ತು ಪ್ರತಿ ವಿರಾಮಚಿಹ್ನೆಗೂ (ವ್ಯಂಜನದ ಸ್ವರವನ್ನು ತೆಗೆದು ಒತ್ತನ್ನು ಜೋಡಿಸುವ ‘್’ ಚಿಹ್ನೆಗೂ) ಬೇರೆ ಬೇರೆ ಸಂಕೇತವಿದೆ. ಯುಟಿಎಫ್-8 ಪದ್ಧತಿಯಲ್ಲಿ ಶೇಖರಿಸಿದರೆ 33 ಬೈಟ್. ಹೀಗಾಗಿ ಎಂಟಕ್ಕೆ ಕತ್ತರಿಸಿದಾಗ ಫಲಕದಲ್ಲಿ ‘ತಟ್ಟಿಬೆಟ…’ ಎಂದು ಕಾಣುತ್ತಿತ್ತು. ನಾಲ್ಕಕ್ಷರದ ಪದವೊಂದು ಎಂಟಕ್ಷರದ ಜಾಗದಲ್ಲಿ ಹಿಡಿಸದೆ ಹೋಗಿತ್ತು.

ಸಂಕೇತಗಳನ್ನು ಒಂದೊಂದಾಗಿ ಎಣಿಸುವ ಬದಲು ಓದುಗರು ಗ್ರಹಿಸುವ ಘಟಕಗಳನ್ನು ಎಣಿಸುವ ನಿಯಮವೂ ಯುನಿಕೋಡ್‌ನಲ್ಲಿದೆ. ಆದರೆ ಆ ನಿಯಮದ ಪ್ರಕಾರ ವಿರಾಮಚಿಹ್ನೆಯ ನಂತರ ಘಟಕ ಮುಗಿಯುತ್ತಿತ್ತು. ‘ಟ್ಟಿ’ ಎಂಬುದು ‘ಟ್’ ಮತ್ತು ‘ಟಿ’ ಎಂದು ಎರಡಾಗಿ, ‘ತಟ್ಟಿಬೆಟ್ಟೆ’ಯಲ್ಲಿ ಆರು ಘಟಕಗಳಾಗುತ್ತಿದ್ದವು. 2023ರಲ್ಲಿ ಬಂದ ಯುನಿಕೋಡ್ 15.1ನೇ ಆವೃತ್ತಿಯಲ್ಲಿ ಒತ್ತಕ್ಷರವನ್ನು ಇಡಿಯಾಗಿ ಉಳಿಸುವ ನಿಯಮ ಸೇರಿತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ ಅದು ಅನ್ವಯವಾಯಿತು, ಆದರೆ ಆ ಆವೃತ್ತಿಯ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ನಮ್ಮ ಲಿಪಿಗೆ ಇಷ್ಟು ಹತ್ತಿರವಿರುವ ತೆಲುಗಿಗೆ ಸಿಕ್ಕ ಸೌಲಭ್ಯ ಕನ್ನಡಕ್ಕೆ ಸಿಗದಿದ್ದುದನ್ನು ಕನ್ನಡದ ತಂತ್ರಜ್ಞರು ಇನ್ನೂ ಗಟ್ಟಿಯಾಗಿ ಕೇಳಬೇಕಿದೆ. ಸದ್ಯಕ್ಕೆ ನಾವು ಮಾಡಿದ್ದು ಸರಳವಾದ ಕೆಲಸ. ಹೆಸರುಗಳನ್ನು ಎಣಿಸಿ ಕತ್ತರಿಸುವ ಪ್ರೋಗ್ರಾಮನ್ನೇ ತೆಗೆದುಹಾಕಿದೆವು. ಬಗೆಗಳ ಹೆಸರು ಎಲ್ಲಿಯೂ ಮೊಟಕಾಗಕೂಡದು ಎಂಬುದನ್ನು ವಿನ್ಯಾಸದ ನಿಯಮವಾಗಿಯೇ ಬರೆದಿಟ್ಟೆವು.

ಹಳೆಯ ಕಡತಗಳ ಕೊಡುಗೆ

ದರಪಟ್ಟಿಯ ಮೂಲ ಕಚೇರಿಯ ಲೆಕ್ಕದ ತಂತ್ರಾಂಶದಲ್ಲಿತ್ತು. ಅದು ಯುನಿಕೋಡ್ ಬಳಕೆಗೆ ಬರುವ ಮೊದಲಿನ ಪದ್ಧತಿಯದು. 1996ರಲ್ಲಿ ‘ವಿಶ್ವಕನ್ನಡ’ ಪತ್ರಿಕೆ ಜಾಲದಲ್ಲಿ ಕಾಣಿಸಿಕೊಂಡಾಗ, ನಂತರ ಬರಹ, ನುಡಿ ತಂತ್ರಾಂಶಗಳು ಮನೆಮಾತಾದಾಗ, ಕನ್ನಡ ಅಕ್ಷರದ ತುಣುಕುಗಳನ್ನು ಇಂಗ್ಲಿಷ್ ಮತ್ತಿತರ ಲ್ಯಾಟಿನ್ ಚಿಹ್ನೆಗಳ ಸ್ಥಾನದಲ್ಲಿ ಕೂರಿಸುವುದೇ ದಾರಿಯಾಗಿತ್ತು. ಅದನ್ನು ಹಗುರವಾಗಿ ಕಾಣುವಂತಿಲ್ಲ. ಕಂಪ್ಯೂಟರಿನಲ್ಲಿ ಕನ್ನಡ ಬದುಕಿದ್ದೇ ಆ ಜಾಣ್ಮೆಯಿಂದ. ವಿಂಡೋಸ್ ಎಕ್ಸ್‌ಪಿ 2001ರಲ್ಲಿ ತುಂಗಾ ಎಂಬ ಯುನಿಕೋಡ್ ಕನ್ನಡ ಫಾಂಟಿನೊಂದಿಗೆ ಬಂದ ಮೇಲೂ ಕಚೇರಿಗಳು ಹಳೆಯ ಕಡತಗಳನ್ನು ಬಿಡಲಿಲ್ಲ, ಬಿಡುವಂತೆಯೂ ಇರಲಿಲ್ಲ.

ಹಳೆಯ ಪದ್ಧತಿ ತುಣುಕುಗಳನ್ನು ಕಣ್ಣಿಗೆ ಕಾಣುವ ಕ್ರಮದಲ್ಲಿ ಇಡುತ್ತದೆ, ಯುನಿಕೋಡ್ ಉಚ್ಚರಿಸುವ ಕ್ರಮದಲ್ಲಿ ಇಡುತ್ತದೆ. ‘ಬೆಟ್ಟೆ’ಯ ಕೊನೆಯ ಅಕ್ಷರವನ್ನು ಹಳೆಯ ಕಡತ ‘ಟೆ’ ಬರೆದು ನಂತರ ಒತ್ತು ಎಂಬಂತೆ ಹಿಡಿದಿಡುತ್ತದೆ. ಯುನಿಕೋಡ್‌ಗೆ ಬೇಕಾದದ್ದು ಟಕಾರ, ವಿರಾಮ, ಟಕಾರ, ಅದಾದ ಮೇಲೆ ಎತ್ವ. ಪರಿವರ್ತಕ ತಂತ್ರಾಂಶ ಈ ಸ್ಥಾನಪಲ್ಲಟ ಮಾಡದಿದ್ದರೆ ‘ಬೆಟೆ್ಟ’ ಎಂಬ ವಿಕಾರ ಹುಟ್ಟುತ್ತದೆ. ಹಳೆಯ ಸುದ್ದಿಗಳನ್ನು ಜಾಲದಲ್ಲಿ ಓದಿದವರಿಗೆ ‘ದಿಲಿ್ಲ’, ‘ಸಿ್ಥತಿ’ಗಳ ಪರಿಚಯ ಇದ್ದೇ ಇರುತ್ತದೆ, ಅದೇ ರೋಗ. ಅರ್ಕಾವತ್ತಿನದೂ ಇಂಥದೇ ಕಥೆ. ‘ಮಾರ್ಚ್’, ‘ವರ್ಷ’, ‘ಕಾರ್ಯದರ್ಶಿ’ ಪದಗಳಲ್ಲಿ ರಕಾರ ಕಣ್ಣಿಗೆ ಕೊನೆಯಲ್ಲಿ ಕಾಣುತ್ತದೆ, ಬಾಯಿಗೆ ಮೊದಲು ಬರುತ್ತದೆ.

ಕಣ್ಣಿಗೆ ಕಾಣದ ದೋಷ ಇನ್ನೂ ಕಾಡಿತು. ‘ಕೆಂಪುಗೋಟು’ ಎಂಬಲ್ಲಿನ ‘ಗೋ’ವನ್ನು ಯುನಿಕೋಡ್‌ನಲ್ಲಿ ಒಂದೇ ಓತ್ವದ ಸಂಕೇತದಿಂದ ಬರೆಯಬಹುದು, ಎತ್ವ, ಊಕಾರದ ಚಿಹ್ನೆ ಮತ್ತು ದೀರ್ಘ ಎಂಬ ಮೂರು ಸಂಕೇತಗಳಿಂದಲೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಪರಿವರ್ತಕ ಎರಡನೆಯ ಬಗೆಯಲ್ಲಿ ಬರೆಯುತ್ತಿತ್ತು, ಬೆಳೆಗಾರರ ಫೋನಿನ ಕೀಲಿಮಣೆ ಮೊದಲನೆಯ ಬಗೆಯಲ್ಲಿ ಬರೆಯುತ್ತಿತ್ತು. ಹೀಗಾಗಿ ಹುಡುಕುವ ಪೆಟ್ಟಿಗೆಯಲ್ಲಿ ‘ಕೆಂಪುಗೋಟು’ ಎಂದು ಬರೆದರೆ, ಕಣ್ಣೆದುರೇ ಆ ಪದವಿದ್ದರೂ, ಏನೂ ಸಿಗಲಿಲ್ಲ ಎಂಬ ಉತ್ತರ ಬರುತ್ತಿತ್ತು. ಯುನಿಕೋಡ್ ಈ ಎರಡನ್ನೂ ಸಮಾನವೆಂದೇ ಸಾರಿದೆ, ಒಂದೇ ರೂಪಕ್ಕೆ ತರುವ ವಿಧಾನವನ್ನೂ ಕೊಟ್ಟಿದೆ. ಪಟ್ಟಿಯನ್ನು ಉಳಿಸುವಾಗ ಮತ್ತು ಹುಡುಕುವಾಗ ಎರಡೂ ಕಡೆ ಆ ವಿಧಾನವನ್ನು ಅನ್ವಯಿಸಿದ ಮೇಲೆ ತೊಂದರೆ ನಿಂತಿತು.

ಪುಟವನ್ನು ಅಕ್ಷರದಿಂದ ಕಟ್ಟಿದ ಬಗೆ

ಚೌಕವನ್ನು ಮೊದಲು ಬರೆದು, ಕೊನೆಯಲ್ಲಿ ಕನ್ನಡವನ್ನು ಅದರೊಳಗೆ ತುರುಕುವ ಪದ್ಧತಿಯೇ ಮೇಲಿನ ಬಹುಪಾಲು ದೋಷಗಳ ಬೇರು ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದ್ದರಿಂದ ಹೊಸ ವಿನ್ಯಾಸ ಶುರುವಾದದ್ದು ಒಂದು ಪರೀಕ್ಷಾ ಸಾಲಿನಿಂದ: ‘ಗರಿಷ್ಠ, ತಟ್ಟಿಬೆಟ್ಟೆ, ರಾಷ್ಟ್ರ, ಸ್ತ್ರೀ, ಲಕ್ಷ್ಮೀ, ವೈಶಿಷ್ಟ್ಯ, ಕೃಷ್ಣ, ಕಾರ್ಯದರ್ಶಿ’. ಇದರಲ್ಲಿ ಒತ್ತಿನ ಕೆಳಗೆ ಒತ್ತು, ಒತ್ತಿನ ಪಕ್ಕದಲ್ಲಿ ದೀರ್ಘ, ವಟ್ರಸುಳಿ, ಅರ್ಕಾವತ್ತು ಎಲ್ಲವೂ ಇವೆ. ಗುಂಡಿ, ಪಟ್ಟಿ, ಫಲಕ, ಶೀರ್ಷಿಕೆ ಏನೇ ಬರೆದರೂ ಅದರೊಳಗೆ ಈ ಸಾಲನ್ನು ಹಾಕಿ, ಲಭ್ಯವಿದ್ದ ಫೋನು ಕಂಪ್ಯೂಟರುಗಳಲ್ಲೆಲ್ಲ ತೆರೆದು ನೋಡಿ, ಅದು ಪೂರ್ತಿ ಕಂಡ ಮೇಲೆಯೇ ಮುಂದಿನ ಕೆಲಸ.

ಕೋಷ್ಟಕದ ಸಾಲಿನಂತರವನ್ನು ಅಕ್ಷರಗಾತ್ರದ 1.7 ಪಟ್ಟಿಗೆ ಏರಿಸಲಾಯಿತು. ನಿಗದಿತ ಎತ್ತರಗಳನ್ನು ತೆಗೆದು ಕನಿಷ್ಠ ಎತ್ತರಗಳನ್ನು ಕೊಡಲಾಯಿತು; ಅವೂ ಪಿಕ್ಸೆಲ್‌ಗಳಲ್ಲಿಲ್ಲ, ಅಕ್ಷರಗಾತ್ರಕ್ಕೆ ಅನುಗುಣವಾಗಿ ಹಿಗ್ಗುವ ಅಳತೆಯಲ್ಲಿವೆ. ವಯಸ್ಸಾದ ಬೆಳೆಗಾರರು ಫೋನಿನಲ್ಲಿ ಅಕ್ಷರವನ್ನು ದೊಡ್ಡದು ಮಾಡಿಕೊಂಡೇ ಬಳಸುವುದರಿಂದ ಇದು ಬಹಳ ಮುಖ್ಯವಾಗಿತ್ತು. ಸೂಚನೆಗಳ ಶೀರ್ಷಿಕೆಯನ್ನು ಒಂದೇ ಸಾಲಿಗೆ ಮೊಟಕುಗೊಳಿಸುವುದು ಅನಿವಾರ್ಯವಾದ ಒಂದೆರಡು ಕಡೆ, ಚೌಕದ ಒಳಗಡೆ ಕೆಳಬದಿಗೆ ಒಂದಿಷ್ಟು ತೆರಪು ಕೊಟ್ಟೆವು. ಮರೆಮಾಡುವ ಆಜ್ಞೆ ಆ ಒಳತೆರಪಿನ ಹೊರ ಅಂಚಿನಲ್ಲಿ ಮಾತ್ರ ಕತ್ತರಿಸುವುದರಿಂದ ಒತ್ತು ಉಳಿಯುತ್ತದೆ. ಒಂದೇ ಸಾಲಿನ ಈ ತಿದ್ದುಪಡಿಯನ್ನು ಕನ್ನಡ ಜಾಲತಾಣ ನಡೆಸುವ ಯಾರೂ ಇಂದೇ ಮಾಡಿಕೊಳ್ಳಬಹುದು.

ಉದ್ದದ ಪದಗಳ ಪ್ರಶ್ನೆ ಉಳಿಯಿತು. ಚಿಕ್ಕ ಪರದೆಯಲ್ಲಿ ನಾಲ್ಕು ಕಂಬಸಾಲುಗಳಿದ್ದಾಗ ‘ತಟ್ಟಿಬೆಟ್ಟೆ’, ‘ಕೆಂಪುಗೋಟು’ಗಳಿಗೆ ಜಾಗ ಸಾಲದು. ಪದವನ್ನು ಎಲ್ಲಿ ಬೇಕಾದರೂ ಮುರಿಯಲು ಬ್ರೌಸರಿಗೆ ಅನುಮತಿ ಕೊಟ್ಟರೆ, ಮೇಲೆ ಹೇಳಿದ ಘಟಕಗಳ ನಿಯಮದಿಂದಾಗಿ, ಒತ್ತಕ್ಷರದ ನಡುವೆಯೇ ಸಾಲು ಮುರಿದು ಮೊದಲ ಸಾಲಿನ ಕೊನೆಗೆ ‘ತಟ್’ ಎಂದು ಉಳಿಯುವ ಅಪಾಯವಿದೆ. ಅದರ ಬದಲು ‘ತಟ್ಟಿ’ ಮತ್ತು ‘ಬೆಟ್ಟೆ’, ‘ಕೆಂಪು’ ಮತ್ತು ‘ಗೋಟು’ ಎಂದು ಪದ ಕೂಡಿಕೊಂಡ ಜಾಗದಲ್ಲಿ ಮಾತ್ರ ಸಾಲು ಮುರಿಯಬಹುದೆಂಬ ಗುರುತನ್ನು ಕೈಯಾರೆ ಇಟ್ಟೆವು. ಬಗೆಗಳು ಬೆರಳೆಣಿಕೆಯಷ್ಟು ಇರುವಾಗ ಇಂಥ ಕೈಕೆಲಸಕ್ಕೆ ಹಿಂಜರಿಯಬೇಕಿಲ್ಲ.

ಇದಕ್ಕೆ ನೆರವಾದದ್ದು ಫಾಂಟಿನ ಆಯ್ಕೆ. ಮುಂಬೈನ ಏಕ್ ಟೈಪ್ ಸಂಸ್ಥೆ ರೂಪಿಸಿದ ಅನೇಕ್ ಕುಟುಂಬದಲ್ಲಿ ಹತ್ತು ಲಿಪಿಗಳಿವೆ, ಕನ್ನಡವೂ ಒಂದು. 2022ರಿಂದ ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತಿದೆ. ಅದು 2016ರಲ್ಲಿ ಓಪನ್‌ಟೈಪ್ ಎಂಬ ಫಾಂಟ್ ಮಾನದಂಡಕ್ಕೆ ಸೇರಿದ ಚಲ ಫಾಂಟ್ ತಂತ್ರವನ್ನು ಬಳಸುತ್ತದೆ, ಅಂದರೆ ಒಂದೇ ಕಡತದಲ್ಲಿ ದಪ್ಪವನ್ನೂ ಅಗಲವನ್ನೂ ಬೇಕಾದಷ್ಟಕ್ಕೆ ಹೊಂದಿಸಬಹುದು. ಸಾಮಾನ್ಯ ಅಗಲವನ್ನು 100 ಎಂದುಕೊಂಡರೆ ಅದು 75ರಿಂದ 125ರವರೆಗೆ ಬದಲಾಗುತ್ತದೆ. ಜಾಗ ಸಾಲದ ಕಡೆ ಸಾಮಾನ್ಯವಾಗಿ ಅಕ್ಷರವನ್ನು ಚಿಕ್ಕದು ಮಾಡುತ್ತಾರೆ. ಆಗ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಸಿಗದಾಗುವುದು ಒತ್ತುಗಳು. ಇಲ್ಲಿ ಗಾತ್ರವನ್ನು ಮುಟ್ಟದೆ, ಇಕ್ಕಟ್ಟಿನ ಪರದೆಯಲ್ಲಿ ಅಗಲವನ್ನು ಮಾತ್ರ ಕೊಂಚ ಕುಗ್ಗಿಸಿದೆವು. ಕನ್ನಡದ ದುಂಡನೆಯ ರೂಪ ಸ್ವಲ್ಪ ನೀಳವಾಗುತ್ತದೆ, ಆದರೆ ಓದಿಗೆ ಅಡ್ಡಿಯಿಲ್ಲ. ಕಂಪ್ಯೂಟರೇ ಒತ್ತಾಯದಿಂದ ಓರೆಯಾಗಿಸುವ, ದಪ್ಪವಾಗಿಸುವ ಕೃತಕ ರೂಪಗಳನ್ನು ಪೂರ್ತಿ ನಿಲ್ಲಿಸಲಾಯಿತು. ಕೃತಕ ದಪ್ಪದಲ್ಲಿ ಒತ್ತಿನ ಒಳಗಿನ ಬಿಳಿ ಜಾಗ ಮುಚ್ಚಿಹೋಗುತ್ತದೆ.

ಸಿಗ್ನಲ್ ದುರ್ಬಲವಾಗಿರುವ ಊರುಗಳಿಗೆ ಫಾಂಟಿನ ಕಡತ ಭಾರವಾಗಬಾರದೆಂದು ಅದನ್ನು ವಾಫ್2 ಎಂಬ ಸಂಕುಚಿತ ರೂಪದಲ್ಲಿ ಕಳಿಸುತ್ತಿದ್ದೇವೆ, ಕನ್ನಡಕ್ಕೆ ಬೇಕಾದ ಭಾಗವನ್ನಷ್ಟೇ ಉಳಿಸಿಕೊಂಡಿದ್ದೇವೆ. ಹೀಗೆ ಕಡಿತಗೊಳಿಸುವಾಗ ಒಂದು ಎಚ್ಚರಿಕೆ ಬೇಕು. ಗೋದಾಮಿನ ಸೂಚನೆಯೊಂದರಲ್ಲಿ ‘ರ‍್ಯಾಕ್’ ಎಂಬ ಪದವಿತ್ತು. ರಕಾರ ಪೂರ್ತಿಯಾಗಿ ನಿಂತು ಯಕಾರ ಒತ್ತಾಗಿ ಬರಬೇಕಾದರೆ ರಕಾರದ ನಂತರ, ವಿರಾಮಕ್ಕೆ ಮುಂಚೆ, ಕಣ್ಣಿಗೆ ಕಾಣದ ಜೋಡಕ ಸಂಕೇತವೊಂದು ಇರಬೇಕು. ಅದು ಕನ್ನಡ ವಿಭಾಗದ 128 ಸ್ಥಾನಗಳೊಳಗೆ ಇಲ್ಲ, ಎಲ್ಲ ಲಿಪಿಗಳಿಗೂ ಸಾಮಾನ್ಯವಾದ ಬೇರೆ ವಿಭಾಗದಲ್ಲಿದೆ. ಕನ್ನಡದ ವಿಭಾಗವನ್ನಷ್ಟೇ ಹೆಸರಿಸಿ ಫಾಂಟನ್ನು ಕಡಿತಗೊಳಿಸಿದರೆ ಜೋಡಕ ಹೊರಗುಳಿದು ಪದ ಕೆಡಬಹುದು. ಜೋಡಕವನ್ನೂ ಅದರ ಸಂಗಾತಿಯಾದ ಬೇರ್ಪಡಕವನ್ನೂ ರೂಪಾಯಿಯ ಚಿಹ್ನೆಯನ್ನೂ ಹೆಸರಿಸಿಯೇ ಸೇರಿಸಬೇಕು.

ಅಂಕಿಗಳ ವಿಷಯದಲ್ಲಿ ಸ್ವಲ್ಪ ಚರ್ಚೆಯಾಯಿತು. ಕನ್ನಡ ಅಂಕಿಗಳನ್ನೇ ಬಳಸಬೇಕೆಂಬ ಆಸೆ ಸಹಜವಾದದ್ದು, ಗೌರವಿಸತಕ್ಕದ್ದು. ಆದರೆ ತೂಕದ ಚೀಟಿ, ಟೆಂಡರ್ ಹಾಳೆ, ಬ್ಯಾಂಕಿನ ಪಾಸ್‌ಬುಕ್ ಎಲ್ಲದರಲ್ಲೂ 0ರಿಂದ 9ರ ಅಂಕಿಗಳೇ ಇರುವಾಗ ದರಕ್ಕೆ ಮಾತ್ರ ಬೇರೆ ಅಂಕಿ ಬಳಸಿದರೆ ಹೋಲಿಸಿ ನೋಡುವವರಿಗೆ ಕಷ್ಟ. ಬಿಸಿಲಲ್ಲಿ ಫೋನು ಹಿಡಿದು ನೋಡುವಾಗ ೩ ಮತ್ತು ೬ರ ನಡುವೆ ಗೊಂದಲವೂ ಆದೀತು. ದರಕ್ಕೆ ರೂಢಿಯ ಅಂಕಿ, ಎಲ್ಲವೂ ಸಮಾನ ಅಗಲದವು, ಬಲಕ್ಕೆ ಒತ್ತಿ ನಿಲ್ಲುವಂಥವು ಎಂದು ತೀರ್ಮಾನವಾಯಿತು. ಏರಿಳಿತವನ್ನು ಹಸಿರು, ಕೆಂಪು ಬಣ್ಣಗಳಿಂದಷ್ಟೇ ತೋರಿಸದೆ ‘ಏರಿಕೆ’, ‘ಇಳಿಕೆ’ ಎಂದು ಬರೆದೇ ತೋರಿಸುತ್ತಿದ್ದೇವೆ.

ಕೇಳಿಸುವ ದರಪಟ್ಟಿ

ಪಠ್ಯ ಶುದ್ಧವಾದ ಮೇಲೆ ಪುಟವನ್ನು ಓದಿ ಹೇಳಿಸುವುದು ಸಾಧ್ಯವಾಯಿತು. ಹಳೆಯ ಪುಟದ ಮೂಲದಲ್ಲಿ ಭಾಷೆ ಇಂಗ್ಲಿಷ್ ಎಂದೇ ನಮೂದಾಗಿತ್ತು, ಮಾದರಿಯಲ್ಲಿದ್ದುದು ಹಾಗೆಯೇ ಉಳಿದಿತ್ತು. ದೃಷ್ಟಿಯ ತೊಂದರೆಯಿರುವವರು ಬಳಸುವ ಪರದೆವಾಚಕ ತಂತ್ರಾಂಶಗಳು ಆ ನಮೂದನ್ನು ನೋಡಿಯೇ ಧ್ವನಿಯನ್ನು ಆರಿಸಿಕೊಳ್ಳುತ್ತವೆ. ಜಾಲಪುಟಗಳ ಸುಗಮತೆಯ ಅಂತಾರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಪುಟದ ಭಾಷೆಯನ್ನು ಸರಿಯಾಗಿ ನಮೂದಿಸುವುದು ಅತ್ಯಂತ ಕೆಳಗಿನ, ಅಂದರೆ ಎಲ್ಲರೂ ಪಾಲಿಸಲೇಬೇಕಾದ ಹಂತದಲ್ಲಿದೆ. ಕೋಷ್ಟಕದ ಪ್ರತಿ ಅಂಕಿಯೂ ಯಾವ ಬಗೆಗೆ, ಯಾವ ಶಿರೋನಾಮಕ್ಕೆ ಸೇರಿದ್ದು ಎಂಬ ಸಂಬಂಧವನ್ನೂ ಗುರುತಿಸಿದ ಮೇಲೆ, ವಾಚಕ ಬರಿಯ ಅಂಕಿಗಳ ಸರಮಾಲೆಯನ್ನು ಒಪ್ಪಿಸದೆ ‘ಚಾಲಿ, ಗರಿಷ್ಠ’ ಎಂದು ಹೇಳಿ ದರ ಓದುತ್ತದೆ. ‘ಕ್ವಿಂ.’ ಎಂಬ ಸಂಕ್ಷೇಪವನ್ನು ತೆಗೆದು ‘ಕ್ವಿಂಟಲಿಗೆ’ ಎಂದು ಪೂರ್ತಿ ಬರೆದದ್ದೂ ಕಿವಿಯನ್ನು ನೆನೆದೇ.

ಇದೇ ಸೌಲಭ್ಯವನ್ನು ಎಲ್ಲರಿಗೂ ಒದಗಿಸಲು ಪಟ್ಟಿಯ ಮೇಲೆ ‘ದರ ಕೇಳಿ’ ಎಂಬ ದೊಡ್ಡ ಗುಂಡಿಯನ್ನು ಇಟ್ಟೆವು. ಅಡಿಕೆ ಸುಲಿಯುವ ಕೈಗೆ ಫೋನು ಹಿಡಿಯಲು ಬಿಡುವಿರುವುದಿಲ್ಲ. ಒಮ್ಮೆ ಒತ್ತಿ ಪಕ್ಕದಲ್ಲಿಟ್ಟರೆ ಪಟ್ಟಿ ಪೂರ್ತಿ ಕೇಳಿಸುತ್ತದೆ. ಮಾತಿನಲ್ಲಿಯೇ ಪ್ರಶ್ನೆ ಕೇಳುವ ವ್ಯವಸ್ಥೆಯನ್ನೂ ಚಿಕ್ಕ ಪ್ರಮಾಣದಲ್ಲಿ ಸೇರಿಸಲಾಗಿದೆ. ಅದು ಯಾವ ಮಾತನ್ನಾದರೂ ತಿಳಿಯುತ್ತದೆಂದು ಹೇಳಿಕೊಳ್ಳುವುದಿಲ್ಲ. ಬಗೆಯ ಹೆಸರು ಮತ್ತು ‘ಇವತ್ತು’, ‘ನಿನ್ನೆ’, ‘ಹೋದ ವಾರ’ ಎಂಬಷ್ಟನ್ನು ಮಾತ್ರ ಗುರುತಿಸುತ್ತದೆ. ತೆರೆದ ಹುಡುಕಾಟದಲ್ಲಿ ರಾಶಿ ಎಂದು ಕೇಳಿದರೆ ಜ್ಯೋತಿಷ್ಯದ ಪುಟಗಳು ಎದುರಾಗುತ್ತವೆ. ಪದಗಳ ವ್ಯಾಪ್ತಿಯನ್ನು ಕಿರಿದಾಗಿಸಿದ್ದರಿಂದ ಆ ಗೊಂದಲ ಇಲ್ಲಿಲ್ಲ. ಮಾತು ತಿಳಿಯದಿದ್ದಾಗ ಬಗೆಗಳ ಹೆಸರುಗಳನ್ನೇ ಗುಂಡಿಗಳಾಗಿ ಮುಂದಿಡುತ್ತದೆ. ಧ್ವನಿಯ ಮುಖಾಮುಖಿಗೆ ಪಠ್ಯದ ಆಸರೆ ಇರಲೇಬೇಕು, ಯಾಕೆಂದರೆ ಮಳೆಗಾಲದಲ್ಲಿ ಹಂಚಿನ ಮನೆಯೊಳಗೆ ಮಾತು ಫೋನಿಗೆ ಕೇಳಿಸುವುದೇ ಕಷ್ಟ.

ವಾಟ್ಸಾಪಿನ ಚಿತ್ರವನ್ನು ನಿಲ್ಲಿಸುವ ಪ್ರಯತ್ನ ಮಾಡಲಿಲ್ಲ. ಜನರಿಗೆ ಒಗ್ಗಿದ, ಕೆಲಸಕ್ಕೆ ಬರುವ ಮಾಧ್ಯಮ ಅದು. ಬದಲಿಗೆ, ಗುಮಾಸ್ತರು ದರವನ್ನು ಏರಿಸಿದ ಕೂಡಲೇ ಅದೇ ಫಾಂಟು, ಅದೇ ಕೋಷ್ಟಕದಿಂದ ಚಿತ್ರವೂ ತಾನಾಗಿ ಸಿದ್ಧವಾಗುತ್ತದೆ. ಅದರ ಜೊತೆಗೆ ಅದೇ ದರಗಳ ಪಠ್ಯ ಮತ್ತು ಪುಟದ ಕೊಂಡಿ ಹೋಗುತ್ತವೆ. ಚಿತ್ರವನ್ನು ನೋಡಲಾಗದವರು ಪಠ್ಯವನ್ನು ಓದಿಸಿ ಕೇಳಬಹುದು, ಹಳೆಯ ದರ ಬೇಕಾದವರು ಅದನ್ನು ಹುಡುಕಿ ತೆಗೆಯಬಹುದು. ಒಂದೇ ಕೆಲಸವನ್ನು ಎರಡು ಸಲ ಮಾಡುವುದು ಗುಮಾಸ್ತರಿಗೆ ತಪ್ಪಿದೆ, ಹೊಸ ವ್ಯವಸ್ಥೆಯನ್ನು ಅವರು ಮನಃಪೂರ್ವಕವಾಗಿ ಒಪ್ಪಿಕೊಂಡದ್ದು ಬಹುಮಟ್ಟಿಗೆ ಈ ಕಾರಣದಿಂದ.

ಎಸ್‌ಎಂಎಸ್ ಮೂಲಕ ದರ ತಿಳಿಸುವ ಬೇಡಿಕೆ ಮಾತ್ರ ಇನ್ನೂ ಪೂರೈಸಿಲ್ಲ. ಇಂಗ್ಲಿಷಿನ ಒಂದು ಸಂದೇಶದಲ್ಲಿ 160 ಸಂಕೇತ ಹಿಡಿಸಿದರೆ ಕನ್ನಡದ್ದರಲ್ಲಿ ಹಿಡಿಸುವುದು 70. ‘ತಟ್ಟಿಬೆಟ್ಟೆ’ಯೊಂದೇ ಅದರಲ್ಲಿ 11ನ್ನು ತಿನ್ನುತ್ತದೆ. ಪ್ರತಿ ಸದಸ್ಯರೂ ತಮಗೆ ಬೇಕಾದ ಒಂದೆರಡು ಬಗೆಗಳನ್ನು ಆರಿಸಿಕೊಂಡು ಅಷ್ಟರ ದರವನ್ನು ಮಾತ್ರ ಪಡೆಯುವಂತೆ ಮಾಡುವ ಯೋಜನೆ ಆಡಳಿತ ಮಂಡಳಿಯ ಮುಂದಿದೆ. ಲೆಕ್ಕದ ತಂತ್ರಾಂಶವಂತೂ ಹಳೆಯ ಅಕ್ಷರ ಪದ್ಧತಿಯಲ್ಲಿಯೇ ಮುಂದುವರಿದಿದೆ, ಆದ್ದರಿಂದ ಪರಿವರ್ತಕ ಪ್ರತಿದಿನ ಓಡಲೇಬೇಕು. ಅದು ಹೊರಕೊಟ್ಟ ಪಠ್ಯದಲ್ಲಿ ‘ಬೆಟೆ್ಟ’ಯಲ್ಲಿರುವಂತೆ ಸ್ವರಚಿಹ್ನೆಯಾದ ಕೂಡಲೇ ವಿರಾಮಚಿಹ್ನೆ ಬಂದಿದ್ದರೆ ಪಟ್ಟಿ ಪ್ರಕಟವಾಗದೆ ನಿಲ್ಲುತ್ತದೆ, ಗುಮಾಸ್ತರು ಆ ಪದವನ್ನು ನೋಡಿ ತಿದ್ದಿದ ಮೇಲೆ ಮುಂದೆ ಹೋಗುತ್ತದೆ.